ಇಂದ್ರಮ್ಮ ನೀರಿಗಿಳಿದದ್ದು

ಬಸವೇಶ್ವರನಗರದ ಹಾವನೂರು ಸರ್ಕಲ್ ಸುತ್ತಮುತ್ತ, ಹಾಲಿನ ಬೂತುಗಳ ಮುಂದಿನ ಗುಂಪು ಕರಗುವ ಹೊತ್ತಿಗೆ, ಬಿಳಿ ಬಣ್ಣದ ಪುಟ್ಟ ಕಾರೊಂದು ಮೆಲ್ಲಗೆ ತೆವಳುತ್ತಿರುತ್ತದೆ. ಹಿಂದಿನವರು ಹಾರ್ನ್ ಹೊಡೆದರೆ ಎಡಗಡೆಯ ಕಿಟಕಿಯಿಂದ ಒಂದು ಕೈ ಹೊರಗೆ ಬಂದು, ಅವಸರ ಇದ್ದರೆ ಪಕ್ಕದಿಂದ ಹೋಗಿ ಎನ್ನುವ ಹಾಗೆ ಬೀಸುತ್ತದೆ. ಆ ಕೈ ಇಂದ್ರಮ್ಮನದು. ಇಪ್ಪತ್ತು ವರ್ಷಗಳಿಂದ ಅವಳು ಹೆಂಗಸರಿಗೆ ಕಾರು ಕಲಿಸುತ್ತಿದ್ದಾಳೆ. ಕಲಿಯುವವರ ಕಾಲ ಬಳಿ ಇರುವ ಹಾಗೆಯೇ ಅವಳ ಕಾಲ ಬಳಿಯೂ ಒಂದು ಬ್ರೇಕು ಇದೆ. ಸ್ಟೀರಿಂಗ್ ಹಿಡಿದವರು ಎಷ್ಟೇ ಗಾಬರಿಬಿದ್ದರೂ ಕಾರು ಇಂದ್ರಮ್ಮ ಹೇಳಿದ ಜಾಗದಲ್ಲೇ ನಿಲ್ಲುತ್ತದೆ.

ಅವಳು ಹುಟ್ಟಿದ್ದು ಸುಂಕದಕಟ್ಟೆಯಲ್ಲಿ. ಆಗ ಅದು ಇನ್ನೂ ಹಳ್ಳಿ. ಅಪ್ಪ ಕೆಂಚಪ್ಪ ಸೊಪ್ಪು, ಮೂಲಂಗಿ ಬೆಳೆದು ತನ್ನದೇ ಮೆಟಡೋರಿನಲ್ಲಿ ಸಿಟಿ ಮಾರ್ಕೆಟ್ಟಿಗೆ ಒಯ್ಯುತ್ತಿದ್ದ. ಗಂಡುಮಕ್ಕಳಿಬ್ಬರಿಗೂ ಕೋಳಿ ಕೂಗುವ ಮುಂಚೆ ಏಳುವುದು ಆಗದ ಮಾತು. ಏಳುತ್ತಿದ್ದವಳು ಇಂದ್ರಮ್ಮ. ರಾಗಿ ಕೊಯ್ದ ಹೊಲದಲ್ಲಿ ಕೆಂಚಪ್ಪ ಅವಳಿಗೆ ಗೇರು, ಕ್ಲಚ್ಚು ಕಲಿಸಿದ. ಊರಿನವರು, "ಹೆಣ್ಣುಡುಗಿ ಕೈಗೆ ಮೆಟಡೋರ್ ಕೊಟ್ಟಿದೀಯಲ್ಲೋ" ಎಂದರೆ, "ಎತ್ತಿನ ಗಾಡಿ ಹೊಡೀತಿರ್ಲಿಲ್ವಾ? ಇದಕ್ಕೆ ಹುಲ್ಲು ಹಾಕೋ ಕೆಲಸಾನೂ ಇಲ್ಲ" ಎಂದು ನಗುತ್ತಿದ್ದ.

ಮದುವೆಯಾದದ್ದು ಯೋಗಾನಂದನನ್ನು. ಮಾಗಡಿ ಕಡೆಯವನು. ವಿಜಯನಗರದಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟಿದ್ದ. ಮೃದು ಮಾತಿನ ಮನುಷ್ಯ. ಗಾಡಿ ಓಡಿಸುವುದಕ್ಕೆ ಮಾತ್ರ ಲಾಯಕ್ಕಿಲ್ಲ. ಮದುವೆಯಾದ ಹೊಸತರಲ್ಲಿ ಸ್ಕೂಟರಿನಲ್ಲಿ ಹೋಗುತ್ತ, ಕರೆಂಟ್ ತಂತಿಯ ಮೇಲೆ ಕೂತ ಮಿಂಚುಳ್ಳಿಯನ್ನು ನೋಡುತ್ತ ನೋಡುತ್ತ ಎಳನೀರಿನ ರಾಶಿಗೆ ನುಗ್ಗಿಸಿದ್ದ. ಅವತ್ತಿನಿಂದ ಮನೆಯ ಗಾಡಿಯ ಬೀಗದ ಕೈ ಇಂದ್ರಮ್ಮನ ಸೊಂಟ ಸೇರಿತು.

ಪಕ್ಕದ ಮನೆಯ ಕುಸುಮಾ ಬ್ಯಾಂಕಿನಲ್ಲಿ ಕ್ಲರ್ಕು. ಗಂಡ ಕೊಡಿಸಿದ ಕಾರು ಹೊದಿಕೆ ಹೊದ್ದುಕೊಂಡು ವರ್ಷಗಟ್ಟಲೆ ನಿಂತಿತ್ತು. ಇಂದ್ರಮ್ಮ ಒಂದು ಭಾನುವಾರ ಆ ಹೊದಿಕೆ ಕಿತ್ತು ಪಕ್ಕಕ್ಕಿಟ್ಟು, "ಹತ್ತಿ ಕುಸುಮಾ, ಮಾಗಡಿ ರೋಡಿಗೆ ಹೋಗಿ ಬರೋಣ" ಎಂದಳು. ಆ ತಿಂಗಳು ಕಳೆಯುವಷ್ಟರಲ್ಲಿ ಕುಸುಮಾ ತಾನೇ ಬ್ಯಾಂಕಿಗೆ ಕಾರು ತೆಗೆದುಕೊಂಡು ಹೋದಳು. ಅದನ್ನು ನೋಡಿ ಅವಳ ಜೊತೆ ಕೆಲಸ ಮಾಡುವವರು ಬಂದರು, ಅವರ ನಾದಿನಿಯರು ಬಂದರು. ಹೀಗೆ ಇಂದ್ರಮ್ಮನ ಡ್ರೈವಿಂಗ್ ಸ್ಕೂಲು ಶುರುವಾಯಿತು. ಯೋಗಾನಂದ ಮಗಳು ಕೀರ್ತನಾಳನ್ನು ಅಂಗಡಿಯಲ್ಲೇ, ಮೀನಿನ ತೊಟ್ಟಿಗಳ ನಡುವೆ ಸಾಕಿದ.

ಆ ಅಂಗಡಿಯ ಗಲ್ಲಾದ ಮೇಲೆ ಒಂದು ಚಿತ್ರ ಅಂಟಿಸಿದ್ದ. ಯಾವುದೋ ಹಳೇ ಕ್ಯಾಲೆಂಡರಿನ ಹಾಳೆ. ಆಸ್ಟ್ರೇಲಿಯಾದ ಸಮುದ್ರದೊಳಗಿನ ಹವಳದ ದಿಬ್ಬ. "ಒಂದ್ಸಲ ನೋಡ್ಬೇಕು ಕಣೇ" ಎಂದು ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದ. ಹೋದ ವರ್ಷ ಅವನ ಎದೆಗೆ ಸ್ಟೆಂಟ್ ಹಾಕಿದರು. ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ಇಂದ್ರಮ್ಮ ನಿರ್ಧಾರ ಮಾಡಿಬಿಟ್ಟಳು. "ಹೋಗೋಣ ರೀ. ನಾನೇ ಕಾರು ಓಡಿಸ್ತೀನಿ. ಅಲ್ಲೂ ನಮ್ಮ ಥರಾನೇ ಎಡಗಡೆ ಹೋಗೋದಂತೆ, ಸ್ಟೀರಿಂಗೂ ಬಲಗಡೆನೇ. ಇನ್ನೇನು ಬೇಕು?"

ಮಗಳು ಅಂಗಡಿಯ ಮೀನುಗಳನ್ನು ನೋಡಿಕೊಳ್ಳಲು ಒಪ್ಪಿದಳು. ಡಾಕ್ಟರು ಒಪ್ಪಿದರು. ಆಗಸ್ಟ್‌ನಲ್ಲಿ ಗಂಡ ಹೆಂಡತಿ ಕೇರ್ನ್ಸ್ ಎಂಬ ಊರಿನ ವಿಮಾನ ನಿಲ್ದಾಣದಲ್ಲಿ ಇಳಿದರು.

ಬಾಡಿಗೆಗೆ ಸಿಕ್ಕಿದ್ದು ಆಟೋಮ್ಯಾಟಿಕ್ ಕಾರು. ಕ್ಲಚ್ಚಿಲ್ಲ. ಇಂದ್ರಮ್ಮ ತಕ್ಷಣ ಹೊರಡಲಿಲ್ಲ. ಪಾರ್ಕಿಂಗ್ ಜಾಗದಲ್ಲೇ ಸುತ್ತು ಹಾಕಿದಳು. ಮೊದಲ ಸುತ್ತಿನಲ್ಲಿ ಎಡಗಾಲು ಹಳೇ ಅಭ್ಯಾಸದಿಂದ ಕ್ಲಚ್ ಹುಡುಕಿಕೊಂಡು ಹೋಗಿ ಬ್ರೇಕನ್ನು ತುಳಿಯಿತು. ಯೋಗಾನಂದನ ಹಣೆ ಇನ್ನೇನು ಮುಂದಿನ ಗಾಜಿಗೆ ಬಡಿಯಬೇಕು, ಬೆಲ್ಟು ಹಿಡಿದು ನಿಲ್ಲಿಸಿತು.

"ಇಂದ್ರಾ, ಮೆಲ್ಲಗೆ!"

"ಏನಿಲ್ಲ ಸುಮ್ನಿರಿ. ಹೊಸ ಗಾಡಿ ಅಂದ್ರೆ ಹೀಗೇನೆ." ಅವಳು ಎಡಗಾಲಿನ ಚಪ್ಪಲಿ ಬಿಚ್ಚಿ, ಆ ಕಾಲನ್ನು ಸೀಟಿನ ಕೆಳಕ್ಕೆ ಮಡಚಿಕೊಂಡಳು. ನಾಲ್ಕಾರು ಸುತ್ತು ಹಾಕಿ, ರಿವರ್ಸ್ ತೆಗೆದು, ಎರಡು ಕಾರುಗಳ ನಡುವೆ ನಿಲ್ಲಿಸಿ ನೋಡಿ, ತನಗೇ ತಾನು ಪಾಸು ಎಂದುಕೊಂಡ ಮೇಲೆ ರಸ್ತೆಗಿಳಿದಳು.

ಮೊದಲು ಉತ್ತರಕ್ಕೆ, ಪೋರ್ಟ್ ಡಗ್ಲಸ್‌ವರೆಗೆ ಹೋಗಿ ಬಂದರು. ಒಂದು ಕಡೆ ಕಾಡು ತುಂಬಿದ ಬೆಟ್ಟ, ಇನ್ನೊಂದು ಕಡೆ ರಸ್ತೆಯ ಅಂಚಿಗೇ ಬಂದು ಮುಟ್ಟುವ ಸಮುದ್ರ. ತಿರುವಿನ ಮೇಲೆ ತಿರುವು. ಹಾರ್ನಿನ ಸದ್ದೇ ಇಲ್ಲ. ಮಾಗಡಿ ರೋಡಿನಲ್ಲಿ ಬಿಎಂಟಿಸಿ ಬಸ್ಸು, ಜಲ್ಲಿ ಲಾರಿ, ಅಡ್ಡ ಬರುವ ಸ್ಕೂಟಿಗಳ ನಡುವೆ ದಿನ ಕಳೆದವಳಿಗೆ ಆ ಮೌನ ಮೊದಲು ವಿಚಿತ್ರ ಎನಿಸಿತು. ಆಮೇಲೆ ಭುಜ ಸಡಿಲವಾಯಿತು. "ಇಲ್ಲಿ ಕಲಿತೋರು ನಮ್ಮ ಕಾಮಾಕ್ಷಿಪಾಳ್ಯಕ್ಕೆ ಬಂದ್ರೆ ಅತ್ತುಬಿಡ್ತಾರೆ ರೀ" ಎಂದು ನಕ್ಕಳು. ಯೋಗಾನಂದ ತೊಡೆಯ ಮೇಲೆ ಮ್ಯಾಪು ಹರಡಿಕೊಂಡು ಸಮುದ್ರವನ್ನೇ ನೋಡುತ್ತಿದ್ದ. ಎಲ್ಲಿ ತಿರುಗಬೇಕೆಂದು ಅವನು ಹೇಳುವುದು ತಿರುವು ದಾಟಿದ ಮೇಲೆಯೇ. ಅವಳು ಬೈಯದೆ ಮುಂದೆ ಹೋಗಿ ತಿರುಗಿಸಿಕೊಂಡು ಬರುತ್ತಿದ್ದಳು.

ಆಮೇಲೆ ದಕ್ಷಿಣಕ್ಕೆ, ಅವರ ದೋಣಿ ಹೊರಡಬೇಕಿದ್ದ ಏರ್ಲಿ ಬೀಚ್ ಎಂಬ ಊರಿನ ಕಡೆಗೆ ಹೊರಟರು. ಇನ್ನಿಸ್‌ಫೇಲ್ ಬರುವ ಮುಂಚೆಯೇ ಎರಡೂ ಕಡೆ ಕಬ್ಬಿನ ಗದ್ದೆ. ರಸ್ತೆಗೆ ಅಡ್ಡಲಾಗಿ ಆಟಿಕೆಯಂಥ ಪುಟ್ಟ ರೈಲು, ಕಬ್ಬು ತುಂಬಿದ ಡಬ್ಬಗಳನ್ನು ಎಳೆದುಕೊಂಡು ಹೋಯಿತು. ಅದು ದಾಟುವವರೆಗೂ ಇಂದ್ರಮ್ಮ ಎಂಜಿನ್ ನಿಲ್ಲಿಸಿ ಕಿಟಕಿ ಇಳಿಸಿದಳು. ಮಂಡ್ಯದ ದಾರಿಯ ವಾಸನೆಯೇ ಅದು, ಬೆಲ್ಲದ್ದೂ ಹಸಿಮಣ್ಣಿನದೂ ಸೇರಿದ್ದು. ಮುಂದೆ ಬಾಳೆಯ ತೋಟಗಳು. ಒಂದೊಂದು ಗೊನೆಗೂ ನೀಲಿ ಪ್ಲಾಸ್ಟಿಕ್ ಚೀಲ ಹೊದಿಸಿದ್ದರು. ಮಿಷನ್ ಬೀಚ್ ಹತ್ತಿರ ಕಾಡಿನೊಳಗಿಂದ ಆಳೆತ್ತರದ ಹಕ್ಕಿಯೊಂದು ರಸ್ತೆಗೆ ಬಂತು. ಕಪ್ಪು ಮೈ, ನೀಲಿ ಕತ್ತು, ತಲೆಯ ಮೇಲೆ ಹೆಲ್ಮೆಟ್ಟಿನಂಥ ಕೊಂಬು. ಹಿಂದೆ ಪಟ್ಟೆಪಟ್ಟೆಯ ಮರಿಗಳು. ಇಂದ್ರಮ್ಮ ದೂರದಲ್ಲೇ ನಿಲ್ಲಿಸಿದಳು. ಹಕ್ಕಿ ಕಾರನ್ನು ಒಮ್ಮೆ ದಿಟ್ಟಿಸಿ, ಮರಿಗಳೆಲ್ಲ ದಾಟುವವರೆಗೂ ನಿಂತು, ಆಮೇಲೆ ಹೋಯಿತು. ಮುಂದಿನ ಬೋರ್ಡು ಓದಿ ಯೋಗಾನಂದ ಹೇಳಿದ: "ಕ್ಯಾಸೊವರಿ ಅಂತೆ. ಮರಿ ಸಾಕೋದು ಗಂಡೇ ಅಂತೆ ಕಣೇ."

"ಹಾಗಾದ್ರೆ ನಿಮ್ಮ ಕಡೆಯೋರೇ."

ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಮಾತು ಕೆಟ್ಟದ್ದು ಕಾರ್ಡ್‌ವೆಲ್‌ನಲ್ಲಿ.

ಕಾರ್ಡ್‌ವೆಲ್ ಸಮುದ್ರದ ದಂಡೆಗೇ ಅಂಟಿಕೊಂಡ ಪುಟ್ಟ ಊರು. ಎದುರಿಗೆ ನೀಲಿ ಬೆಟ್ಟಗಳ ದೊಡ್ಡ ದ್ವೀಪ. ಮೊಸಳೆ ಇದೆ, ನೀರಿಗೆ ಇಳಿಯಬೇಡಿ ಎಂಬ ಬೋರ್ಡಿನ ಪಕ್ಕದ ಬೆಂಚಿನ ಮೇಲೆ ಕೂತು ಇಬ್ಬರೂ ಬ್ರೆಡ್ಡಿಗೆ ಮನೆಯ ಚಟ್ನಿಪುಡಿ ಉದುರಿಸಿಕೊಂಡು ತಿನ್ನುತ್ತಿದ್ದರು. ಯೋಗಾನಂದ ಹುರುಪಿನಲ್ಲಿದ್ದ. ಏರ್ಲಿ ಬೀಚ್ ತಲುಪಿದ ಮಾರನೇ ದಿನ ಹವಳದ ದಿಬ್ಬಕ್ಕೆ ಹೋಗುವುದು. ನೀರೊಳಗೆ ನೋಡಲು ಮುಖಕ್ಕೆ ಹಾಕುವ ಕನ್ನಡಕ ಅವರೇ ಕೊಡುತ್ತಾರೋ, ನಾವೇ ಕೊಳ್ಳಬೇಕೋ ಎಂದು ಕೇಳಿದ.

"ಯಾಕೆ? ದೋಣಿ ಒಳಗೆ ಕೂತು ನೋಡೋದಲ್ವಾ? ಗಾಜಿನ ತಳದ ದೋಣಿ. ಕೀರ್ತನಾ ಬುಕ್ ಮಾಡಿದಾಳಲ್ಲ" ಎಂದಳು ಇಂದ್ರಮ್ಮ.

ಯೋಗಾನಂದ ಕೈಯಲ್ಲಿದ್ದ ಬ್ರೆಡ್ಡನ್ನು ಕಾಗದದ ಮೇಲಿಟ್ಟ. "ಅವಳು ಬುಕ್ ಮಾಡಿದ್ಲೋ, ನೀನು ಹೇಳಿ ಮಾಡ್ಸಿದ್ದೋ?"

"ನಾನೇ ಹೇಳಿದ್ದು. ನಿಮ್ಮ ಎದೆ ಒಳಗೆ ತಂತಿ ಇಟ್ಕೊಂಡು ಸಮುದ್ರಕ್ಕೆ ಬೀಳ್ತೀರಾ?"

"ಡಾಕ್ಟರು ಈಜಬಹುದು ಅಂದಿದಾರೆ. ನೀನೇ ಪಕ್ಕದಲ್ಲಿದ್ದೆ."

"ಅವರು ಹೇಳಿದ್ದು ನಮ್ಮ ಕಡೆ ಸ್ವಿಮಿಂಗ್ ಪೂಲಿಗೆ."

ಅವನು ಎದುರಿನ ದ್ವೀಪದತ್ತ ತಿರುಗಿದ. ಆಮೇಲೆ ದನಿ ಏರಿಸದೆ ಹೇಳಿದ: "ಜೀವಮಾನ ಎಲ್ಲಾ ಗಾಜಿನಿಂದಾಚೆ ನಿಂತು ಮೀನು ನೋಡಿದೀನಿ ಇಂದ್ರಾ. ಇಷ್ಟು ದೂರ ಬಂದು ಇಲ್ಲೂ ಗಾಜೇನಾ?"

ಅವಳು ಉತ್ತರ ಕೊಡುವಷ್ಟರಲ್ಲಿ ಮತ್ತೆ ಹೇಳಿದ: "ಆಸ್ಪತ್ರೆಯಿಂದ ಬಂದಾಗಿಂದ ನೋಡ್ತಾ ಇದೀನಿ. ಮೆಟ್ಲು ಹತ್ಬೇಡಿ, ಬಕೆಟ್ ಎತ್ಬೇಡಿ, ಉಪ್ಪು ಮುಟ್ಬೇಡಿ. ನಾನೇನು ನಿನ್ನ ಹತ್ರ ಗಾಡಿ ಕಲಿಯೋಕೆ ಬಂದಿದೀನಾ? ಬ್ರೇಕು ಯಾವಾಗ್ಲೂ ನಿನ್ನ ಕಾಲ ಕೆಳಗೇ ಇರ್ಬೇಕಾ?"

ಇಂದ್ರಮ್ಮನಿಗೆ ಮಾತು ನಾಟಿತು. ಕಾಗದ ಮಡಚಿ ಕಸದ ಡಬ್ಬಿಗೆ ಹಾಕಿ ಬಂದಳು. ಕಾರು ಹತ್ತಿದರು. ಇಂಗ್‌ಹ್ಯಾಮ್ ದಾಟಿತು, ಟೌನ್ಸ್‌ವಿಲ್ ಬಂತು, ರಾತ್ರಿ ತಂಗಿದ್ದಾಯಿತು, ಬೆಳಿಗ್ಗೆ ಮತ್ತೆ ಹೊರಟದ್ದಾಯಿತು. ನೀರು ಬೇಕಾ, ಪೆಟ್ರೋಲ್ ಹಾಕಿಸೋಣವಾ, ಅಷ್ಟೇ ಮಾತು. ರಸ್ತೆ ನೇರವಾಗಿತ್ತು, ಯೋಚನೆಗೆ ಬಿಡುವು ಕೊಡುವಂಥ ರಸ್ತೆ.

ಅವಳು ಯೋಚಿಸಿದ್ದು ತನ್ನ ಭಯದ ಬಗ್ಗೆ. ಚಿಕ್ಕವಳಿದ್ದಾಗ ತೋಟದ ಬಾವಿಯ ಪಾಚಿಗಟ್ಟಿದ ಮೆಟ್ಟಿಲಿನಿಂದ ಜಾರಿ ಬಿದ್ದಿದ್ದಳು. ಅಪ್ಪ ಜುಟ್ಟು ಹಿಡಿದು ಎಳೆದು ಹಾಕಿದ್ದ. ಆಮೇಲೆ ಅವಳು ಮೊಣಕಾಲು ಮುಳುಗುವಷ್ಟು ನೀರಿಗೂ ಇಳಿದವಳಲ್ಲ. ಮಗಳ ಜೊತೆ ಮಲ್ಪೆಗೆ ಹೋದಾಗಲೂ ಚಪ್ಪಲಿ ಕಾಯುತ್ತ ಮರಳಿನ ಮೇಲೆ ಕೂತಿದ್ದಳು. ಗಂಡನ ಎದೆಯ ಚಿಂತೆ ನಿಜವೇ. ಆದರೆ ಡಾಕ್ಟರು ಹೇಳಿದ ಮಾತನ್ನು ಪೂಲಿಗೆ ಮಾತ್ರ ಎಂದು ಕುಗ್ಗಿಸಿದ್ದು ಡಾಕ್ಟರಲ್ಲ, ತಾನು. ನೀರೆಂದರೆ ತನಗಿರುವ ನಡುಕವನ್ನು ಅವನ ಎದೆಯ ಮೇಲೆ ಹೇರಿದ್ದೆನಲ್ಲ ಎಂದು ಅವಳಿಗೆ ಅನಿಸಿತು. ಅನಿಸಿದ ಮೇಲೆ ಅದನ್ನು ಉಜ್ಜುತ್ತ ಕೂರುವ ಜಾಯಮಾನದವಳಲ್ಲ ಇಂದ್ರಮ್ಮ. ಬೋವೆನ್ ಎಂಬ ಊರಿನ ಪೆಟ್ರೋಲ್ ಬಂಕಿನಲ್ಲಿ ಮಾವಿನಹಣ್ಣಿನ ಐಸ್‌ಕ್ರೀಮ್ ಕೊಂಡು ತಂದು ಅವನ ಕೈಗಿತ್ತಳು.

"ಸಕ್ಕರೆ ಇರುತ್ತೆ" ಎಂದ ಯೋಗಾನಂದ, ಅನುಮಾನದಿಂದ.

"ಇರ್ಲಿ, ತಿನ್ನಿ. ಏರ್ಲಿಗೆ ಹೋದ ತಕ್ಷಣ ಆ ಬುಕಿಂಗ್ ಬದಲಾಯಿಸೋಣ. ನೀವು ನೀರಿಗಿಳೀರಿ. ನಾನು ದೋಣಿ ಮೇಲೆ ನಿಂತು ನೋಡ್ತಿರ್ತೀನಿ."

ಅವನು ಐಸ್‌ಕ್ರೀಮ್ ಕರಗಿ ಮಣಿಕಟ್ಟಿಗೆ ಇಳಿಯುವವರೆಗೂ ಅವಳ ಮುಖವನ್ನೇ ನೋಡಿದ.

ಏರ್ಲಿ ಬೀಚಿನಿಂದ ದೋಣಿ ಹೊರಟಾಗ ಬಿಸಿಲು ಚೆನ್ನಾಗಿತ್ತು. ಎರಡು ಗಂಟೆಗೂ ಮಿಕ್ಕಿದ ದಾರಿ. ದ್ವೀಪಗಳು ಹಿಂದೆ ಬಿದ್ದ ಮೇಲೆ ನಾಲ್ಕೂ ಕಡೆ ನೀರೇ. ದೋಣಿಯ ಕೆಲಸದವಳು, ಟೆಸ್ ಎಂಬ ಹುಡುಗಿ, ಪ್ರತಿಯೊಬ್ಬರ ಆರೋಗ್ಯ ವಿಚಾರಿಸಿಕೊಂಡು ಬಂದಳು. ಸ್ಟೆಂಟಿನ ವಿಷಯವನ್ನು ಯೋಗಾನಂದ ತಾನಾಗೇ ಹೇಳಿದ. ಡಾಕ್ಟರ ಪತ್ರ ತೋರಿಸಿದ. ಅವಳು ತಲೆಯಾಡಿಸಿ, ಇಳಿಯಬಹುದು, ಆದರೆ ತೇಲುವ ಜಾಕೆಟ್ ತೊಡಬೇಕು, ಪಕ್ಕದಲ್ಲಿ ಯಾವಾಗಲೂ ಒಬ್ಬರಿರಬೇಕು ಎಂದಳು. "ನಿಮ್ಮ ಹೆಂಡತಿ ಬರುತ್ತಾರಾ, ಇಲ್ಲ ನಾನು ಬರಲಾ?"

"ನೀವೇ ಬನ್ನಿ" ಎಂದ ಯೋಗಾನಂದ. "ಅವಳಿಗೆ ನೀರು ಆಗಲ್ಲ."

ದೋಣಿ ಹವಳದ ದಿಬ್ಬದ ಪಕ್ಕದಲ್ಲಿ ನಿಂತಿತು. ನೀರಿನ ಬಣ್ಣವೇ ಬೇರೆ. ಕಡು ನೀಲಿ ಇದ್ದದ್ದು ಒಮ್ಮೆಗೇ ತಿಳಿ ಹಸಿರು. ಹಿಂಬದಿಯಲ್ಲಿ ನೀರಿಗಿಳಿಯುವ ಮೆಟ್ಟಿಲು, ಅದರ ಕೊನೆಗೆ ಜಾಲರಿಯ ಜಗಲಿ. ಯೋಗಾನಂದ ಮೈಗಂಟುವ ಕಪ್ಪು ಉಡುಪು, ಹಳದಿ ಜಾಕೆಟ್ ತೊಟ್ಟು ಟೆಸ್‌ಳ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ. ಇಂದ್ರಮ್ಮ ಮೇಲಿನ ಕಂಬಿ ಹಿಡಿದು ನೋಡುತ್ತಿದ್ದಳು. ಅವನ ಬೆನ್ನು ಕಂಡಿತು, ನೆರೆತ ಕೂದಲು ಕಂಡಿತು. ಇಷ್ಟು ವರ್ಷ ಕಾದು ಬಂದದ್ದನ್ನು ಅವನು ಯಾರೋ ಗುರುತಿಲ್ಲದ ಹುಡುಗಿಯ ಜೊತೆ ನೋಡುವುದೇ? ಅವಳಿಗೆ ತಡೆಯಲಾಗಲಿಲ್ಲ.

"ರೀ, ನಿಂತ್ಕೊಳ್ಳಿ! ನಾನೂ ಬರ್ತೀನಿ."

ಯೋಗಾನಂದ ತಿರುಗಿ ನೋಡಿದ. "ಬಾವಿ ಅಲ್ಲ ಕಣೇ ಇದು, ಸಮುದ್ರ."

"ಕಣ್ಣು ಕಾಣುತ್ತೆ ನಂಗೆ. ಬರ್ತೀನಿ ಅಂದ್ನಲ್ಲ."

ಜೀವಮಾನವಿಡೀ ಸೀರೆ, ಚೂಡಿದಾರದಲ್ಲೇ ಇದ್ದವಳಿಗೆ ಆ ರಬ್ಬರಿನ ಉಡುಪು ತೊಡಿಸಲು ಇಬ್ಬರು ಹುಡುಗಿಯರು ಬೆವರು ಸುರಿಸಿದರು. ಕೊನೆಗೂ ಜಗಲಿಯ ಮೇಲೆ ಕೂತು ಕಾಲು ಇಳಿಬಿಟ್ಟಳು. ತಣ್ಣಗಿನ ನೀರು ಸೊಂಟಕ್ಕೆ ಬಂತು. ಮುಖಕ್ಕೆ ಕನ್ನಡಕ, ಬಾಯಿಗೆ ಕೊಳವೆ. ತಲೆ ಬಗ್ಗಿಸಿದ್ದೇ ತಡ, ಮೂಗಿನಿಂದ ಉಸಿರೆಳೆಯಲು ಹೋಗಿ ಉಸಿರು ಕಟ್ಟಿತು, ಕೊಳವೆ ಬಾಯಿಂದ ಜಾರಿತು, ಉಪ್ಪುನೀರು ಗಂಟಲಿಗೆ ನುಗ್ಗಿತು. ಕೆಮ್ಮುತ್ತ ಕಂಬಿಯನ್ನು ತಬ್ಬಿಕೊಂಡಳು. ಬೆರಳುಗಳು ಬೆಳ್ಳಗಾಗಿದ್ದವು. ಸ್ಟೀರಿಂಗನ್ನು ಹೀಗೇ ಹಿಡಿದುಕೊಳ್ಳುವ ಎಷ್ಟು ಜನರನ್ನು ಅವಳು ನೋಡಿಲ್ಲ! ಬಿಡಿ, ಬೆರಳು ಸಡಿಲ ಬಿಡಿ ಎಂದು ಹೇಳಿದ್ದೇ ಹೇಳಿದ್ದು. ಹೇಳುವುದು ಎಷ್ಟು ಸುಲಭ ಎಂದು ಈಗ ಗೊತ್ತಾಯಿತು.

"ವಾಪಸ್ ಹೋಗೋಣ್ವಾ?" ಎಂದ ಯೋಗಾನಂದ. ಅವನ ದನಿಯಲ್ಲಿ ಬೇಸರವೇನೂ ಇರಲಿಲ್ಲ.

"ಯಾಕೆ ಹೋಗೋದು? ಹೇಗೆ ಮಾಡ್ಬೇಕು ಸರಿಯಾಗಿ ಹೇಳ್ಕೊಡಿ."

ಅವನು ಹೇಳಿಕೊಟ್ಟ. ಮಾಗಡಿಯ ಕೆರೆಯಲ್ಲಿ ಈಜು ಕಲಿತ ಮನುಷ್ಯ, ಅವಸರವಿಲ್ಲದೆ, ಒಂದೊಂದಾಗಿ ಹೇಳಿದ. "ಮೊದಲು ಮುಖ ಮುಳುಗಿಸ್ಬೇಡ. ಬರೀ ಕೊಳವೆಯಿಂದ ಉಸಿರಾಡು. ಬಾಯಿಂದ ಒಳಗೆ, ಬಾಯಿಂದಾನೇ ಹೊರಗೆ. ಹಾಂ, ಹಾಗೆ. ಈಗ ಕಿವಿವರೆಗೆ ಮಾತ್ರ. ಕೆಳಗೆ ನೋಡ್ಬೇಡ, ನನ್ನ ಕೈ ನೋಡು." ಟೆಸ್ ಉದ್ದ ಹಗ್ಗ ಕಟ್ಟಿದ, ತೇಲುವ ದೊಡ್ಡ ಬಳೆಯೊಂದನ್ನು ತಂದು ಇಬ್ಬರ ನಡುವೆ ಹಿಡಿದಳು. ಇಂದ್ರಮ್ಮ ಒಂದು ಕೈಯಲ್ಲಿ ಅದನ್ನೂ ಇನ್ನೊಂದರಲ್ಲಿ ಅವನ ಕೈಯನ್ನೂ ಹಿಡಿದು, ಅವನ ಉಂಗುರದ ಬೆರಳನ್ನೇ ನೋಡುತ್ತ ಉಸಿರಾಡಿದಳು. ಕಿವಿಯೊಳಗೆ ತನ್ನ ಉಸಿರೇ ಕುಲುಮೆಯ ತಿದಿಯ ಹಾಗೆ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ನಿಧಾನವಾಯಿತು. ಆಗ ಕೆಳಗೆ ನೋಡಿದಳು.

ಕಾಲಿನ ಕೆಳಗೆ ಒಂದು ಊರೇ ಇತ್ತು. ಗುಡ್ಡ, ಓಣಿ, ಮಿದುಳಿನ ಹಾಗೆ ಸುರುಳಿಗಟ್ಟಿದ ಬಂಡೆ, ಜಿಂಕೆಯ ಕೊಂಬಿನಂಥ ಕವಲು. ಅಂಗಡಿಯಲ್ಲಿ ಒಂಟಿಯಾಗಿ ಮೂಲೆ ಸೇರಿರುವ ನೀಲಿ ಮೀನು ಇಲ್ಲಿ ನೂರಾರು ಸೇರಿ ಒಟ್ಟಿಗೇ ತಿರುಗುತ್ತಿತ್ತು. ಕರಕರ ಎಂಬ ಸದ್ದು ಎಲ್ಲಿಂದಲೋ ಬಂತು. ಯೋಗಾನಂದ ಬೆರಳು ಮಾಡಿ ತೋರಿಸಿದ: ಗಿಣಿಯ ಕೊಕ್ಕಿನಂಥ ಬಾಯಿಯ ಹಸಿರು ಮೀನು ಹವಳವನ್ನು ಚಕ್ಕುಲಿಯ ಹಾಗೆ ಕಡಿಯುತ್ತಿತ್ತು. ಒರಳಿನಷ್ಟು ದೊಡ್ಡ ಚಿಪ್ಪೊಂದು ನೇರಳೆ ತುಟಿ ತೆರೆದುಕೊಂಡು ಕೂತಿತ್ತು. ಅವರ ನೆರಳು ಬಿದ್ದ ಕೂಡಲೇ ತುಟಿ ಬಿಗಿದುಕೊಂಡಿತು. ಇಂದ್ರಮ್ಮನಿಗೆ ಕೊಳವೆಯೊಳಗೇ ನಗು ಬಂತು.

ಆಮೇಲೆ ಅವಳು ಮೀನು ಬಿಟ್ಟು ಗಂಡನನ್ನು ನೋಡಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವನು ಈಜುವುದನ್ನು ಅವಳು ನೋಡಿರಲೇ ಇಲ್ಲ. ನೆಲದ ಮೇಲೆ ರಸ್ತೆ ದಾಟಲೂ ಅವಳ ಮುಖ ನೋಡುತ್ತಿದ್ದ, ಮೆಟ್ಟಿಲಿನ ಮುಂದೆ ನಿಂತು ಯೋಚಿಸುತ್ತಿದ್ದ ಯೋಗಾನಂದ ಇಲ್ಲಿ ಭಾರವೇ ಇಲ್ಲದವನ ಹಾಗೆ, ಕಾಲನ್ನು ಆಡಿಸಿದರೂ ಆಡಿಸದ ಹಾಗೆ ಸಾಗುತ್ತಿದ್ದ. ಯಾವುದರ ಹತ್ತಿರ ಎಷ್ಟು ಹೋಗಬೇಕು, ಎಲ್ಲಿ ಸುಮ್ಮನೆ ತೇಲಬೇಕು ಎಲ್ಲವೂ ಅವನಿಗೆ ಗೊತ್ತಿತ್ತು. ಅವನು ನಡುನಡುವೆ ಅವಳತ್ತ ತಿರುಗುತ್ತಿದ್ದ. ಅವಳ ಕೈ ಬಿಟ್ಟು ಮುಂದೆ ಹೋಗಲು ಹಿಂಜರಿಯುತ್ತಿದ್ದ. ಮುಂದೆ, ಸ್ವಲ್ಪ ಆಳದಲ್ಲಿ, ಆಮೆಯೊಂದು ಹೋಗುತ್ತಿತ್ತು.

ಇಂದ್ರಮ್ಮ ಅವನ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ತೇಲುವ ಬಳೆಗೆ ಎರಡೂ ಕೈ ಹಾಕಿ, ಹೋಗಿ ಎಂದು ತಲೆಯಾಡಿಸಿದಳು. ಟೆಸ್ ಅವನ ಜೊತೆ ಹೊರಟಳು. ಹಳದಿ ಜಾಕೆಟ್ ಆಮೆಯ ಹಿಂದೆ ಹಿಂದೆ ಹೋಗಿ ಪುಟ್ಟದಾಯಿತು. ಹಗ್ಗದ ಇನ್ನೊಂದು ತುದಿ ದೋಣಿಗೆ ಕಟ್ಟಿತ್ತು, ಅದು ಅವಳಿಗೆ ಗೊತ್ತಿತ್ತು. ಆದರೂ ಬಳೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಬಾಯಿಂದ ಒಳಗೆ, ಬಾಯಿಂದ ಹೊರಗೆ. ಅವನು ತಿರುಗಿ ಬರುವವರೆಗೂ ಅವಳು ಅಲ್ಲೇ ತೇಲುತ್ತ ಇದ್ದಳು. ಕರೆಯಲಿಲ್ಲ.

ದೋಣಿ ಹತ್ತಿದ ಮೇಲೆ ಯೋಗಾನಂದ ಟವೆಲ್ ಹೊದ್ದು ಚಹಾ ಕುಡಿಯುತ್ತ ಮಾತಾಡಿದ್ದೇ ಮಾತಾಡಿದ್ದು. ಅವಳಿಗೆ ಅಷ್ಟೂ ಹೆಸರು ನೆನಪಿನಲ್ಲಿ ಉಳಿಯಲಿಲ್ಲ. ನಡುವೆ ಅವನು ಥಟ್ಟನೆ ನಿಲ್ಲಿಸಿ, "ಭಯ ಆಗ್ಲಿಲ್ವಾ?" ಎಂದ.

"ಆಯ್ತು. ಬಾವಿ ನೆನಪಾಯ್ತು. ಆಮೇಲೆ ನಿಮ್ಮ ಗಿಣಿ ಮೀನು ಬಂದು ಎಲ್ಲಾ ಮರೆತೋಯ್ತು" ಎಂದಳು. ಆಮೇಲೆ ಕೇಳಿದಳು: "ನಾಳೆ ಇನ್ನೊಂದ್ಸಲ ಬರೋಣ್ವಾ? ನಾಳೆ ಆ ಬಳೆ ಬೇಡ, ನಿಮ್ಮ ಕೈ ಸಾಕು."

ಮಾರನೇ ದಿನವೂ ಹೋದರು.

ಬೆಂಗಳೂರಿಗೆ ಬಂದ ಮೇಲೆ ಯೋಗಾನಂದ ಅಂಗಡಿಯಲ್ಲಿದ್ದ ಉಪ್ಪುನೀರಿನ ತೊಟ್ಟಿಯನ್ನು ಖಾಲಿ ಮಾಡಿದ. ಇದ್ದ ನಾಲ್ಕು ಮೀನುಗಳನ್ನು ದೊಡ್ಡ ತೊಟ್ಟಿ ಇರುವ ಪರಿಚಯದವರಿಗೆ ಕೊಟ್ಟು, ಇನ್ನು ಮುಂದೆ ಸಮುದ್ರದಿಂದ ಹಿಡಿದು ತಂದ ಮೀನು ತರಿಸುವುದಿಲ್ಲ, ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಗಪ್ಪಿ, ಏಂಜಲ್, ಗೋಲ್ಡ್ ಫಿಶ್ ಸಾಕು ಎಂದ. ಕಾಯಂ ಗಿರಾಕಿಗಳು ಕೆಲವರು ಮುಖ ಸಿಂಡರಿಸಿದರು. ಕೀರ್ತನಾ, "ಅಪ್ಪಾ, ವ್ಯಾಪಾರ?" ಎಂದಳು. "ನಡೆಯುತ್ತೆ ಬಿಡು" ಎಂದು ಇಂದ್ರಮ್ಮನೇ ಉತ್ತರ ಕೊಟ್ಟಳು.

ಇಂದ್ರಮ್ಮ ವಾರಕ್ಕೆ ಮೂರು ಬೆಳಿಗ್ಗೆ ಈಜು ಕಲಿಯಲು ಹೋಗುತ್ತಾಳೆ. ಕಲಿಸುವವಳು ಧನ್ಯಶ್ರೀ ಎಂಬ ಚುರುಕು ಹುಡುಗಿ. ಎರಡು ವರ್ಷದ ಹಿಂದೆ ಇವಳ ಬಳಿ ಕಾರು ಕಲಿತವಳೇ. "ಕಾಲು ಮಡಚ್ಬೇಡಿ ಮೇಡಂ, ಉದ್ದಕ್ಕೆ ಬಿಡಿ! ಕಂಬಿ ಬಿಡಿ ಮೇಡಂ!" ಎಂದು ದಂಡೆಯ ಮೇಲಿನಿಂದ ಕೂಗುತ್ತಾಳೆ. ಇಂದ್ರಮ್ಮ ಬಿಡುತ್ತಾಳೆ, ಮುಳುಗುತ್ತಾಳೆ, ಏಳುತ್ತಾಳೆ. ಪೂಲಿನ ಅಗಲವನ್ನು ಈಗ ನಿಲ್ಲದೆ ದಾಟುತ್ತಾಳೆ. ಉದ್ದ ಇನ್ನೂ ಬಾಕಿ ಇದೆ. ಮಳೆಗಾಲ ಮುಗಿದ ಮೇಲೆ ಮುರುಡೇಶ್ವರದ ಆಚೆಗಿನ ನೇತ್ರಾಣಿ ದ್ವೀಪಕ್ಕೆ ಹೋಗುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದಾರೆ. ಅಲ್ಲಿಯೂ ಹವಳವಿದೆಯಂತೆ. ಕಾರು ಯಾರು ಓಡಿಸುವುದೆಂಬ ಪ್ರಶ್ನೆಯಿಲ್ಲ. ಮ್ಯಾಪು ಮಾತ್ರ ಈ ಸಲ ತನ್ನ ಕೈಯಲ್ಲೇ ಇರಲಿ ಎಂದು ಇಂದ್ರಮ್ಮ ಹೇಳಿದ್ದಾಳೆ. ಯೋಗಾನಂದ ಇನ್ನೂ ಒಪ್ಪಿಲ್ಲ.